ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುವುದು ಹೇಗೆ: ಮೊದಲ ವಾರದಿಂದ ಪರೀಕ್ಷೆಯವರೆಗೆ

ಒಂದು ಲೆಕ್ಕದಿಂದ ಶುರು ಮಾಡೋಣ. ವಾರಕ್ಕೆ 5 ಪೀರಿಯಡ್, ಒಂದೊಂದೂ 45 ನಿಮಿಷ, ವರ್ಷಕ್ಕೆ 36 ವಾರ ಎಂದಿಟ್ಟುಕೊಂಡರೆ ಇಂಗ್ಲಿಷಿಗೆ ಸಿಗುವುದು 135 ಗಂಟೆ. ಏನೂ ಬಾರದವರು ಬಿ1 ಮಟ್ಟ ಮುಟ್ಟಲು, ಅಂದರೆ ಪರಿಚಿತ ವಿಷಯಗಳ ಬಗ್ಗೆ ಯಾರ ನೆರವೂ ಇಲ್ಲದೆ ಮಾತಾಡಿ, ಬರೆದು ನಿಭಾಯಿಸಲು, 350ರಿಂದ 400 ಗಂಟೆಗಳ ಪಾಠ ಬೇಕೆಂಬುದು ಕೇಂಬ್ರಿಜ್ ಪರೀಕ್ಷಾ ಸಂಸ್ಥೆಯ ಅಂದಾಜು. ಒಂದು ಪೀರಿಯಡ್ಡೂ ಪೋಲಾಗದಿದ್ದರೆ ಹೆಚ್ಚುಕಡಿಮೆ ಮೂರು ವರ್ಷ.

ಇನ್ನೊಂದು ಲೆಕ್ಕ ಇನ್ನೂ ಮುಖ್ಯ. 40 ಮಕ್ಕಳ ತರಗತಿಯಲ್ಲಿ ಶಿಕ್ಷಕರೇ 30 ನಿಮಿಷ ಮಾತಾಡಿದರೆ ಉಳಿಯುವುದು 15 ನಿಮಿಷ. ಒಬ್ಬೊಬ್ಬರನ್ನೇ ಎಬ್ಬಿಸಿ ಮಾತಾಡಿಸಿದರೆ ತಲೆಗೆ 22 ಸೆಕೆಂಡು. ಅದೇ 15 ನಿಮಿಷವನ್ನು ಜೋಡಿಗಳಿಗೆ ಬಿಟ್ಟುಕೊಟ್ಟರೆ ಪ್ರತಿಯೊಬ್ಬರಿಗೂ 7 ನಿಮಿಷಕ್ಕಿಂತ ಹೆಚ್ಚು. ಶಾಲೆಯ ಹೊರಗೆ ಇಂಗ್ಲಿಷ್ ಕಿವಿಗೇ ಬೀಳದ ಮಕ್ಕಳಿಗೆ ಈ ನಿಮಿಷಗಳೇ ಸರ್ವಸ್ವ. ಹಾಗಾಗಿ ಪಾಠದ ಯಾವ ತೀರ್ಮಾನಕ್ಕೂ ನಾನು ಒಂದೇ ಪ್ರಶ್ನೆಯ ಒರೆಗಲ್ಲು ಹಿಡಿಯುತ್ತೇನೆ: ಈ ಹೊತ್ತಿನಲ್ಲಿ ಭಾಷೆಯನ್ನು ಬಳಸುತ್ತಿರುವುದು ಯಾರು, ನಾನೋ ಮಕ್ಕಳೋ?

1. ಮೊದಲ ವಾರ: ಮಕ್ಕಳು ಎಲ್ಲಿದ್ದಾರೆಂದು ತಿಳಿಯಿರಿ

ಎಂಟನೇ ತರಗತಿಯಲ್ಲಿ ಕೂತವರೆಲ್ಲ ಎಂಟನೇ ತರಗತಿಯ ಇಂಗ್ಲಿಷ್ ಬಲ್ಲವರಲ್ಲ. ಹಿಂದಿನ ವರ್ಷದ ಅಂಕಪಟ್ಟಿಯೂ ಹೆಚ್ಚೇನೂ ಹೇಳುವುದಿಲ್ಲ. ಬಾಯಿಪಾಠ ಮಾಡಿದವರಿಗೂ ಅರ್ಥಮಾಡಿಕೊಂಡವರಿಗೂ ಅಲ್ಲಿ ಒಂದೇ ಅಂಕ ಬಿದ್ದಿರಬಹುದು. ಪಠ್ಯಪುಸ್ತಕ ತೆರೆಯುವ ಮುಂಚೆ ಮೂರು ಸಣ್ಣ ಕೆಲಸ ಮಾಡಿಸಿ.

ಮೊದಲನೆಯದು ಪದಗಳದ್ದು. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಮಾರು 2000 ಪದಗಳ ಪಟ್ಟಿಯನ್ನು ಮೈಕೆಲ್ ವೆಸ್ಟ್ 1953ರಲ್ಲೇ ಕೊಟ್ಟರು. 2013ರಲ್ಲಿ ಅದರ ಹೊಸ ರೂಪವೂ ಬಂತು. ಸಾಮಾನ್ಯ ಬರಹದ ಶೇಕಡಾ 80ರಷ್ಟನ್ನು ಈ ಪದಗಳೇ ತುಂಬುತ್ತವೆ. ಅಂಥ ಪಟ್ಟಿಯಿಂದ ಅಲ್ಲೊಂದು ಇಲ್ಲೊಂದರಂತೆ 30 ಪದ ಆರಿಸಿ, ಅರ್ಥವನ್ನು ಮಾತೃಭಾಷೆಯಲ್ಲಿ ಬರೆಸಿ. ಎರಡನೆಯದು, ತಮ್ಮ ಬಗ್ಗೆ ಹತ್ತು ಸಾಲು ಬರೆಯುವುದು. ಅಂಕವಿಲ್ಲ, ತಿದ್ದುವುದೂ ಇಲ್ಲ. ಮೂರನೆಯದು, ನೀವು ಒಂದು ಸಣ್ಣ ಪ್ಯಾರಾವನ್ನು ಎರಡು ಸಲ ಓದಿ, ಕೇಳಿದ್ದನ್ನು ಮಕ್ಕಳಿಂದ ಚಿತ್ರ ಬರೆಸುವುದು. ಬರೆಯಲು ಬಾರದ ಆದರೆ ಕೇಳಿ ಅರ್ಥಮಾಡಿಕೊಳ್ಳಬಲ್ಲ ಮಗು ಈ ಮೂರನೆಯದರಲ್ಲಿ ಸಿಕ್ಕುತ್ತದೆ. ಅಂಥ ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ.

ಯುರೋಪ್ ಮಂಡಳಿ 2001ರಲ್ಲಿ ಪ್ರಕಟಿಸಿದ ಎ1ರಿಂದ ಸಿ2ವರೆಗಿನ ಆರು ಹಂತಗಳ ಚೌಕಟ್ಟು ಇಲ್ಲಿ ನೆರವಿಗೆ ಬರುತ್ತದೆ. ‘ಇಷ್ಟು ವ್ಯಾಕರಣ ಗೊತ್ತು’ ಎನ್ನುವ ಬದಲು ಅದು ‘ಭಾಷೆಯಿಂದ ಇಂಥದ್ದನ್ನು ಮಾಡಬಲ್ಲರು’ ಎಂದು ಮಟ್ಟ ಹೇಳುತ್ತದೆ. ನಿಮ್ಮ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎ1, ಎ2 ಎಂದು ಗುರುತು ಹಾಕಿಕೊಳ್ಳಿ. ಆ ಗುರುತು ನಿಮಗೆ ಮಾತ್ರ. ಮಟ್ಟ ನೋಡಿ ಮಕ್ಕಳನ್ನು ಬೇರೆ ಬೇರೆ ಸಾಲಲ್ಲಿ ಕೂರಿಸಬೇಡಿ. ‘ದಡ್ಡರ ಬೆಂಚು’ ಎಂಬ ಹೆಸರು ಹುಟ್ಟಲು ಒಂದು ದಿನ ಸಾಕು, ಅಳಿಸಲು ಒಂದು ವರ್ಷ ಸಾಲದು.

2. ಪೀರಿಯಡ್ಡಿನ ಗುರಿಯನ್ನು ಕೆಲಸವಾಗಿ ಬರೆಯಿರಿ

ಪಾಠಯೋಜನೆಯಲ್ಲಿ ‘ಪಾಸ್ಟ್ ಟೆನ್ಸ್ ಮುಗಿಸುವುದು’ ಎಂದಿದ್ದರೆ ಮುಗಿಯುವುದು ಶಿಕ್ಷಕರ ಕೆಲಸ. ‘ನಿನ್ನೆ ಸಂಜೆ ಏನೇನಾಯಿತೆಂದು ಪಕ್ಕದವರಿಗೆ ಆರು ವಾಕ್ಯಗಳಲ್ಲಿ ಹೇಳಿ, ಅವರು ಹೇಳಿದ್ದನ್ನು ಮೂರನೆಯವರಿಗೆ ತಿಳಿಸುವುದು’ ಎಂದು ಬರೆದರೆ ಗುರಿ ಮಕ್ಕಳ ಕಡೆಗೆ ತಿರುಗುತ್ತದೆ, ಗುರಿ ಮುಟ್ಟಿತೋ ಇಲ್ಲವೋ ಕಣ್ಣಿಗೂ ಕಾಣುತ್ತದೆ. ಕೊನೆಗೆ ಮಾಡಿಸಬೇಕಾದ ಕೆಲಸವನ್ನು ಮೊದಲು ಬರೆಯಿರಿ. ಅದಕ್ಕೆ ಯಾವ ಪದ ಬೇಕು, ಯಾವ ವಾಕ್ಯರಚನೆ ಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿ.

ವಾರದ ಕೊನೆಗೆ ಸಮತೋಲ ನೋಡಿಕೊಳ್ಳಲು ಭಾಷಾಬೋಧನೆಯ ಸಂಶೋಧಕ ಪಾಲ್ ನೇಶನ್ ಅವರ ನಾಲ್ಕು ಎಳೆಗಳ ವಿಂಗಡಣೆ ಒಳ್ಳೆಯದು: ಅರ್ಥಕ್ಕಾಗಿ ಕೇಳುವುದು-ಓದುವುದು, ಅರ್ಥಕ್ಕಾಗಿ ಮಾತಾಡುವುದು-ಬರೆಯುವುದು, ಭಾಷೆಯ ನಿಯಮಗಳನ್ನೇ ಗಮನಿಸುವುದು, ಗೊತ್ತಿರುವುದನ್ನು ಸರಾಗವಾಗಿಸುವುದು. ನಾಲ್ಕಕ್ಕೂ ಸಮಪಾಲು ಸಿಗಬೇಕೆಂಬುದು ಅವರ ಸಲಹೆ. ಬಹಳಷ್ಟು ಶಾಲೆಗಳಲ್ಲಿ ಮೂರನೆಯದೇ ಮುಕ್ಕಾಲು ಪಾಲು ನುಂಗುತ್ತದೆ, ನಾಲ್ಕನೆಯದಕ್ಕೆ ಜಾಗವೇ ಇರುವುದಿಲ್ಲ.

3. ಒಂದು ಪೂರ್ತಿ ಪೀರಿಯಡ್ ಕಟ್ಟುವ ಬಗೆ

1979ರಿಂದ ಐದು ವರ್ಷ ಎನ್. ಎಸ್. ಪ್ರಭು ಅವರ ಮುಂದಾಳತ್ವದಲ್ಲಿ, ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯನ್ನು ನೆಲೆಯಾಗಿಟ್ಟುಕೊಂಡು, ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ವ್ಯಾಕರಣದ ಪಟ್ಟಿ ಬದಿಗಿಟ್ಟು, ತಲೆ ಓಡಿಸಬೇಕಾದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಮಾಡಿಸಿದರೆ ಭಾಷೆ ತಾನಾಗಿ ಹತ್ತುತ್ತದೆಯೇ ಎಂಬುದು ಅದರ ಪ್ರಶ್ನೆ. ಜಗತ್ತಿನ ಭಾಷಾಬೋಧಕರು ಇಂದಿಗೂ ಅದನ್ನು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಕಾರ್ಯಾಧಾರಿತ ಬೋಧನೆಯ ಬೇರುಗಳಲ್ಲಿ ಅದೂ ಒಂದು. ದೊಡ್ಡ ತರಗತಿ, ಸೀಮೆಸುಣ್ಣ, ಕಪ್ಪುಹಲಗೆ ಇಷ್ಟರಲ್ಲೇ ಅದು ನಡೆಯಿತೆಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ವ್ಯಾಕರಣವನ್ನು ಪೂರ್ತಿ ಬಿಡಬೇಕೆಂಬ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಆ ಪಾಠದ ಕಟ್ಟಡ ಇಂದಿಗೂ ಗಟ್ಟಿಯಾಗಿದೆ.

ರೈಲಿನ ವೇಳಾಪಟ್ಟಿಯನ್ನೇ ತೆಗೆದುಕೊಳ್ಳಿ. ಬೋರ್ಡಿನ ಮೇಲೆ ನಾಲ್ಕು ರೈಲು, ಹೊರಡುವ ಮತ್ತು ತಲುಪುವ ಸಮಯ, ನಡುವಿನ ನಿಲ್ದಾಣಗಳು. ಮೊದಲ ಹತ್ತು ನಿಮಿಷ ಇಡೀ ತರಗತಿಯೊಂದಿಗೆ ಇಂಗ್ಲಿಷಿನಲ್ಲೇ ಸುಲಭದ ಪ್ರಶ್ನೆಗಳು: ಮೊದಲ ರೈಲು ಎಷ್ಟಕ್ಕೆ ಹೊರಡುತ್ತದೆ, ಎಷ್ಟು ಹೊತ್ತಿನ ಪ್ರಯಾಣ, ಯಾವುದು ಬೇಗ ತಲುಪುತ್ತದೆ. ಕೆಲಸಕ್ಕೆ ಬೇಕಾದ ‘ಲೀವ್ಸ್’, ‘ಅರೈವ್ಸ್’, ‘ಬಿಫೋರ್’, ‘ಆಫ್ಟರ್’ ಎಲ್ಲ ಇಲ್ಲೇ ಕಿವಿಗೆ ಬೀಳುತ್ತವೆ; ಬಂದಂತೆ ಬೋರ್ಡಿನ ಒಂದು ಬದಿಯಲ್ಲಿ ಬರೆದಿಡಿ. ಆಮೇಲೆ ಸಮಸ್ಯೆ: ಒಬ್ಬರು ಮಧ್ಯಾಹ್ನ 2ಕ್ಕೆ ಒಂದು ಊರಲ್ಲಿ ಸಭೆ ಸೇರಬೇಕು, ಬೆಳಿಗ್ಗೆ 8ಕ್ಕಿಂತ ಮುಂಚೆ ಮನೆ ಬಿಡಲಾರರು, ದಾರಿಯಲ್ಲಿ ಗೆಳೆಯರೊಬ್ಬರನ್ನು ಅರ್ಧ ಗಂಟೆ ನೋಡಬೇಕು. ಯಾವ ರೈಲು ಹಿಡಿಯಬೇಕು, ಯಾಕೆ? ಜೋಡಿಗಳಿಗೆ 12 ನಿಮಿಷ. ‘ಯಾಕೆ’ ಎಂಬುದನ್ನು ಮರೆಯಬೇಡಿ. ಅದೇ ‘ಬಿಕಾಸ್’ ಸೇರಿದ ಉದ್ದದ ವಾಕ್ಯವನ್ನು ಬಾಯಿಂದ ಹೊರಡಿಸುತ್ತದೆ.

ಆಮೇಲೆ ಎರಡೆರಡು ಜೋಡಿ ಸೇರಿ ಉತ್ತರ ಹೋಲಿಸಲಿ. ಹತ್ತು ನಿಮಿಷ ಭಾಷೆಯತ್ತ ತಿರುಗಿ: ಅಡ್ಡಾಡುವಾಗ ಕಿವಿಗೆ ಬಿದ್ದ ನಾಲ್ಕು ತಪ್ಪು ವಾಕ್ಯ, ಎರಡು ಚೆಂದದ ವಾಕ್ಯಗಳನ್ನು ಯಾರದೆಂದು ಹೇಳದೆ ಬೋರ್ಡಿಗೆ ಬರೆಯಿರಿ, ಮಕ್ಕಳೇ ತಿದ್ದಲಿ. ಕೊನೆಯ ಐದು ನಿಮಿಷ ಒಬ್ಬೊಬ್ಬರೂ ತಮ್ಮ ಉತ್ತರವನ್ನು ಮೂರು ಸಾಲಲ್ಲಿ ಬರೆಯಲಿ. ಕೆಲಸದ ಕಷ್ಟದ ಮಟ್ಟಕ್ಕೂ ಪ್ರಭು ಒಂದು ಅಳತೆ ಕೊಟ್ಟಿದ್ದಾರೆ: ತರಗತಿಯ ಅರ್ಧದಷ್ಟು ಮಂದಿಗೆ ಕೆಲಸದ ಅರ್ಧದಷ್ಟಾದರೂ ಸರಿ ಬರಬೇಕು. ಅದಕ್ಕಿಂತ ಕಡಿಮೆಯಾದರೆ ನಾಳೆಯ ಕೆಲಸ ಹಗುರ ಮಾಡಿ, ಎಲ್ಲರಿಗೂ ಎಲ್ಲವೂ ಬಂದರೆ ಬಿಗಿ ಮಾಡಿ.

ಜೋಡಿ ಕೆಲಸ ಗದ್ದಲದಲ್ಲಿ ಮುಗಿಯುವುದಕ್ಕೆ ಮುಖ್ಯ ಕಾರಣ ಸೂಚನೆ ಸ್ಪಷ್ಟವಿಲ್ಲದಿರುವುದು. ಮೊದಲು ಯಾರು ಯಾರ ಜೊತೆ ಎಂದು ಕೈತೋರಿಸಿ ಗೊತ್ತುಮಾಡಿ, ಆಮೇಲೆ ಮೂರು ಸಣ್ಣ ವಾಕ್ಯಗಳಲ್ಲಿ ಕೆಲಸ ಹೇಳಿ, ಒಬ್ಬ ವಿದ್ಯಾರ್ಥಿಯೊಂದಿಗೆ ನೀವೇ ಮಾಡಿ ತೋರಿಸಿ. ಹಾಳೆಗಳನ್ನು ಕೊನೆಗೆ ಹಂಚಿ. ಕೈಗೆ ಹಾಳೆ ಬಂದ ಮೇಲೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ. ‘ಅರ್ಥವಾಯ್ತಾ?’ ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ‘ಬರೀಬೇಕಾ, ಮಾತಾಡಬೇಕಾ? ಎಷ್ಟು ನಿಮಿಷ?’ ಎಂದು ಕೇಳಿದರೆ ನಿಜ ತಿಳಿಯುತ್ತದೆ.

4. ವ್ಯಾಕರಣ: ಮೊದಲು ಅರ್ಥ, ಆಮೇಲೆ ರೂಪ

ವ್ಯಾಖ್ಯೆ ಬರೆಸಿ, ಉದಾಹರಣೆ ಕೊಟ್ಟು, ಬಿಟ್ಟ ಸ್ಥಳ ತುಂಬಿಸಿದರೆ ಮಕ್ಕಳಿಗೆ ಬಿಟ್ಟ ಸ್ಥಳ ತುಂಬುವುದು ಬರುತ್ತದೆ, ಅಷ್ಟೆ. ಸಂದರ್ಭದಿಂದ ಶುರು ಮಾಡಿ. ‘ಶಿ ಯೂಸ್ಡ್ ಟು ಪ್ಲೇ ಟೆನಿಸ್’ ಎಂಬುದನ್ನು ಕಲಿಸಬೇಕಾದರೆ ಒಬ್ಬಳ ಬಾಲ್ಯದ ಮತ್ತು ಈಗಿನ ದಿನಚರಿಯ ಚಿತ್ರಗಳನ್ನು ಬೋರ್ಡಿನ ಮೇಲೆ ಗೆರೆಗಳಲ್ಲಿ ಬಿಡಿಸಿ, ವಾಕ್ಯ ಹೇಳಿ, ನಂತರ ಕೇಳಿ: ಅವಳು ಈಗ ಆಡುತ್ತಾಳಾ? ಹಿಂದೆ ಒಂದೇ ಸಲ ಆಡಿದಳಾ, ದಿನಾ ಆಡುತ್ತಿದ್ದಳಾ? ಈ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಬಂದರೆ ಅರ್ಥ ದಕ್ಕಿದೆ. ಆಮೇಲೆ ರೂಪವನ್ನು ಬಣ್ಣ ಹಚ್ಚಿ ತೋರಿಸಿ, ‘ಯೂಸ್ಡ್ ಟು’ ಮಾತಿನಲ್ಲಿ ಒಂದೇ ಪದದಂತೆ ಕೂಡಿಕೊಳ್ಳುವುದನ್ನು ಕೇಳಿಸಿ. ಕೊನೆಗೆ ಮಕ್ಕಳು ತಮ್ಮ ಬಗ್ಗೆಯೇ ನಾಲ್ಕು ವಾಕ್ಯ ಹೇಳಲಿ, ಅದರಲ್ಲೊಂದು ಸುಳ್ಳಿರಲಿ. ಯಾವುದು ಸುಳ್ಳೆಂದು ಜೊತೆಯವರು ಪತ್ತೆ ಮಾಡಲಿ.

ಮಾತೃಭಾಷೆ ಎಲ್ಲಿ ಅಡ್ಡ ಬರುತ್ತದೆಂದು ತಿಳಿದಿದ್ದರೆ ಅರ್ಧ ಶ್ರಮ ಉಳಿಯುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ. ಪ್ರಶ್ನೆ ಕೇಳಲು ನಮಗೆ ‘ಡು’, ‘ಡಿಡ್’ನಂಥ ಸಹಾಯಕ ಬೇಕಿಲ್ಲ, ಹಾಗಾಗಿ ‘ವೇರ್ ಯು ವೆಂಟ್?’ ಎಂದು ಬರುತ್ತದೆ. ಇಂಥ ಕಡೆ ಎರಡೂ ಭಾಷೆಯ ವಾಕ್ಯಗಳನ್ನು ಅಕ್ಕಪಕ್ಕ ಬರೆದು ತೋರಿಸಿದರೆ ಐದು ನಿಮಿಷದ ಕೆಲಸ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮಾತೃಭಾಷೆ ಆಡಿದರೆ ದಂಡ ಎಂಬ ಪದ್ಧತಿ ನಿಲ್ಲಬೇಕು. ಅದು ಮಕ್ಕಳನ್ನು ಇಂಗ್ಲಿಷಿನತ್ತ ತರುವುದಿಲ್ಲ, ಮೌನದತ್ತ ತಳ್ಳುತ್ತದೆ. ಸೂಕ್ಷ್ಮ ಅರ್ಥ ಹೇಳಲು, ಹೆದರಿದ ಮಗುವನ್ನು ಸಮಾಧಾನ ಮಾಡಲು ಮಾತೃಭಾಷೆ ಬಳಸಿ. ದಿನನಿತ್ಯದ ಸೂಚನೆಗಳು ಮಾತ್ರ ಇಂಗ್ಲಿಷಿನಲ್ಲೇ ಇರಲಿ, ಯಾಕೆಂದರೆ ದಿನವೂ ಕೇಳಿಸುವ ಸಹಜ ಇಂಗ್ಲಿಷ್ ಅದೇ.

‘ಹಿ ಗೋಸ್’ನ ಕೊನೆಯ ಎಸ್ ಬಿಟ್ಟರೆಂದು ವರ್ಷವಿಡೀ ಸಿಟ್ಟಾಗಬೇಡಿ. 1970ರ ದಶಕದ ಅಧ್ಯಯನಗಳಿಂದ ಕಂಡುಬಂದದ್ದೆಂದರೆ, ಬೇರೆ ಬೇರೆ ಮಾತೃಭಾಷೆಯವರಲ್ಲೂ ಕ್ರಿಯಾಪದದ ‘ಇಂಗ್’ ರೂಪ ಬೇಗ ಬರುತ್ತದೆ, ಈ ಎಸ್ ಬಹಳ ತಡವಾಗಿ ನೆಲೆಯೂರುತ್ತದೆ. ನಿಯಮ ಬಾಯಲ್ಲಿ ಹೇಳಬಲ್ಲ ಮಗು ಕೂಡ ಮಾತಿನ ಭರದಲ್ಲಿ ಬಿಡುತ್ತದೆ.

5. ಪದಗಳು

ಒಂದು ಪಾಠದಿಂದ 8–10 ಪದ ಸಾಕು; ಮೇಲೆ ಹೇಳಿದ 2000ರ ಪಟ್ಟಿಯಲ್ಲಿ ಇರುವವಕ್ಕೆ ಮೊದಲ ಮಣೆ. ಪಾಠದಲ್ಲಿ ಬಂತೆಂದು ಮತ್ತೆಂದೂ ಎದುರಾಗದ ಅಪರೂಪದ ಪದಕ್ಕೆ ಹೊತ್ತು ಕಳೆಯಬೇಡಿ, ಅರ್ಥ ಹೇಳಿ ಮುಂದೆ ಹೋಗಿ. ಬಿಡಿ ಪದಕ್ಕಿಂತ ಜೊತೆಪದ ಒಳ್ಳೆಯದು: ‘ಡಿಸಿಷನ್’ ಅಲ್ಲ, ‘ಮೇಕ್ ಎ ಡಿಸಿಷನ್’. ‘ಲೆಫ್ಟ್–ರೈಟ್’, ‘ಬಾರೋ–ಲೆಂಡ್’ನಂಥ ಜೋಡಿಗಳನ್ನು ಒಂದೇ ದಿನ ಕಲಿಸಿದರೆ ಎರಡೂ ಬೆರೆತುಹೋಗುತ್ತವೆ; ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಹೊಸದಾಗಿ ಕಲಿತದ್ದರಲ್ಲಿ ಬಹುಪಾಲು ಮೊದಲ ದಿನದಲ್ಲೇ ಜಾರಿಹೋಗುತ್ತದೆಂದು ಜರ್ಮನ್ ಮನಶ್ಶಾಸ್ತ್ರಜ್ಞ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದರು. ಪರಿಹಾರ ಸರಳ. ಪದಗಳನ್ನು ಚೀಟಿಗಳಲ್ಲಿ ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ. ಮರುದಿನ, ಮೂರನೇ ದಿನ, ಒಂದು ವಾರಕ್ಕೆ, ತಿಂಗಳಿಗೆ ಮತ್ತೆ ತೆಗೆಯಿರಿ. ತೆಗೆದಾಗ ಅರ್ಥ ಓದಿ ಹೇಳಬೇಡಿ, ಮಕ್ಕಳೇ ನೆನಪಿಸಿಕೊಳ್ಳಲಿ. ನೆನಪಿಸಿಕೊಳ್ಳುವ ಆ ಪ್ರಯತ್ನವೇ ಪದವನ್ನು ಉಳಿಸುತ್ತದೆ. ಪ್ರತಿ ಪೀರಿಯಡ್ಡಿನ ಮೊದಲ ನಾಲ್ಕು ನಿಮಿಷ ಇದಕ್ಕೇ ಮೀಸಲಿರಲಿ.

6. ಕೇಳುವುದು, ಉಚ್ಚರಿಸುವುದು

ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ. ಬರೆದಂತೆ ಓದುವ ಭಾಷೆಯಿಂದ ಬಂದ ಮಕ್ಕಳಿಗೆ ಇದು ದೊಡ್ಡ ಗೋಡೆ. ಹೊಸ ಪದವನ್ನು ಮೊದಲು ಕಿವಿಗೆ, ಆಮೇಲೆ ಬಾಯಿಗೆ, ಕೊನೆಗೆ ಕಣ್ಣಿಗೆ ಕೊಡಿ. ಪಠ್ಯದ ಪದಗಳ ಮೇಲೆ ಮಾತೃಭಾಷೆಯ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವ ಅಭ್ಯಾಸವನ್ನು ಮೆಲ್ಲಗೆ ಬಿಡಿಸಿ. ಹಾಗೆ ಬರೆದುಕೊಂಡಾಗ ನಮ್ಮ ಲಿಪಿಯಲ್ಲಿಲ್ಲದ ವ್ಯತ್ಯಾಸ ಮಗುವಿನ ಕಿವಿಯಿಂದಲೂ ಮರೆಯಾಗುತ್ತದೆ. ಬದಲಿಗೆ, ಒತ್ತು ಬೀಳುವ ಭಾಗದ ಮೇಲೊಂದು ಚುಕ್ಕಿ ಇಡುವುದನ್ನು ಕಲಿಸಿ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗಕ್ಕೆ, ‘ಫೋಟೋಗ್ರಫಿ’ಯಲ್ಲಿ ಎರಡನೆಯದಕ್ಕೆ, ‘ಫೋಟೋಗ್ರಾಫಿಕ್’ನಲ್ಲಿ ಮೂರನೆಯದಕ್ಕೆ. ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಸಿಗುವುದಿಲ್ಲ. ಒಂದು ಧ್ವನಿ ತುಸು ಬೇರೆಯಾದರೆ ಅಷ್ಟು ತೊಂದರೆಯಿಲ್ಲ. ಬ್ರಿಟನ್ನಿನವರಂತೆಯೋ ಅಮೆರಿಕದವರಂತೆಯೋ ಮಾತಾಡಿಸುವ ಹಟ ಬೇಡ. ಕೇಳಿದವರಿಗೆ ತಿಳಿದರೆ ಆಯಿತು.

ಕೇಳುವ ಅಭ್ಯಾಸಕ್ಕೆ ನನಗೆ ಅತ್ಯಂತ ಪ್ರಿಯವಾದದ್ದು ಡಿಕ್ಟೋಗ್ಲಾಸ್. ಐದಾರು ವಾಕ್ಯಗಳ ಪ್ಯಾರಾವನ್ನು ಸಹಜ ವೇಗದಲ್ಲಿ ಎರಡು ಸಲ ಓದಿ. ಮೊದಲ ಸಲ ಬರೀ ಕೇಳಬೇಕು, ಎರಡನೇ ಸಲ ಮುಖ್ಯ ಪದ ಗುರುತು ಹಾಕಿಕೊಳ್ಳಬೇಕು. ನಂತರ ಮೂರು-ನಾಲ್ಕು ಮಂದಿ ಸೇರಿ ಆ ಪ್ಯಾರಾವನ್ನು ಮತ್ತೆ ಕಟ್ಟಬೇಕು. ಉಕ್ತಲೇಖನದಂತೆ ಅಕ್ಷರಕ್ಕೆ ಅಕ್ಷರ ಸೇರಬೇಕಿಲ್ಲ, ಅರ್ಥ ಬರಬೇಕು, ವ್ಯಾಕರಣ ಸರಿಯಿರಬೇಕು. ಕೊನೆಗೆ ಮೂಲದೊಂದಿಗೆ ಹೋಲಿಸುವಾಗ ‘ಇಲ್ಲಿ ಯಾಕೆ ಹ್ಯಾಡ್?’ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಒಂದೇ ಚಟುವಟಿಕೆಯಲ್ಲಿ ಕೇಳುವುದು, ಮಾತು, ಬರಹ, ವ್ಯಾಕರಣ ನಾಲ್ಕೂ ಬಂದವು, ಖರ್ಚು ಏನೂ ಇಲ್ಲ.

7. ಮಾತು, ಮೌನ, ತಪ್ಪು

ಹದಿಹರೆಯದ ಮಕ್ಕಳು ಇಂಗ್ಲಿಷ್ ಬಾರದ್ದಕ್ಕಿಂತ ಹೆಚ್ಚಾಗಿ ಗೆಳೆಯರು ನಕ್ಕಾರೆಂಬ ಭಯಕ್ಕೆ ಬಾಯಿ ಬಿಡುವುದಿಲ್ಲ. ಈ ಭಯ ಹೋಗದೆ ಯಾವ ವಿಧಾನವೂ ಕೆಲಸ ಮಾಡದು. ಇನ್ನೊಬ್ಬರ ತಪ್ಪಿಗೆ ನಗುವುದಿಲ್ಲ ಎಂಬುದು ತರಗತಿಯ ಮೊದಲ ನಿಯಮವಾಗಲಿ, ಅದರಲ್ಲಿ ಒಂದಿಷ್ಟೂ ಸಡಿಲಿಕೆ ಬೇಡ. ಇಡೀ ತರಗತಿಯ ಮುಂದೆ ನಿಲ್ಲಿಸುವ ಮುಂಚೆ ಜೋಡಿಯಲ್ಲಿ ಒಮ್ಮೆ ಆಡಿ ನೋಡಲು ಬಿಡಿ.

ಪ್ರಶ್ನೆ ಕೇಳಿ ಕಾಯಿರಿ. ಶಿಕ್ಷಕರು ಉತ್ತರಕ್ಕಾಗಿ ಸರಾಸರಿ ಒಂದೇ ಸೆಕೆಂಡು ಕಾಯುತ್ತಾರೆ, ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಬಾಯಿಬಿಡುತ್ತಾರೆ ಎಂದು ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳಲ್ಲಿ ಕಂಡರು. ಇನ್ನೊಂದು ಭಾಷೆಯಲ್ಲಿ ಉತ್ತರ ಕಟ್ಟಬೇಕಾದ ಮಗುವಿಗೆ ಐದು ಸೆಕೆಂಡಾದರೂ ಕೊಡಿ. ಮನಸ್ಸಲ್ಲೇ ಎಣಿಸಿ. ಮೊದಲ ಕೆಲವು ದಿನ ಆ ಮೌನ ನಿಮಗೇ ಕಷ್ಟವಾಗುತ್ತದೆ.

ತಪ್ಪು ತಿದ್ದುವ ಬಗ್ಗೆ ಲೈಸ್ಟರ್ ಮತ್ತು ರಾಂಟಾ 1997ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಭಾಷಾಶಿಕ್ಷಕರೂ ತಿಳಿದಿರಬೇಕು. ಕೆನಡಾದ ಫ್ರೆಂಚ್ ತರಗತಿಗಳಲ್ಲಿ ಶಿಕ್ಷಕರ ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಬಗೆಯವು: ಮಗು ತಪ್ಪಾಗಿ ಹೇಳಿದ್ದನ್ನು ಶಿಕ್ಷಕರೇ ಸರಿಯಾಗಿ ಹೇಳಿ ಮುಂದೆ ಹೋಗುವುದು. ಅದಕ್ಕೆ ಮಕ್ಕಳಿಂದ ಪ್ರತಿಕ್ರಿಯೆ ಬಂದದ್ದು ಮೂರರಲ್ಲಿ ಒಂದು ಸಲ. ಸರಿಯಾದ ರೂಪವನ್ನು ಮಗುವಿನ ಬಾಯಿಂದಲೇ ಹೊರಡಿಸಲು ಯತ್ನಿಸಿದಾಗ ಪ್ರತಿ ಸಲವೂ ಪ್ರತಿಕ್ರಿಯೆ ಬಂತು. ಆದ್ದರಿಂದ ಮಗು ‘ಯೆಸ್ಟರ್‌ಡೇ ಐ ಗೋ’ ಎಂದರೆ ‘ವೆಂಟ್’ ಎಂದು ಕೈಗಿಡಬೇಡಿ. ‘ಯೆಸ್ಟರ್‌ಡೇ ಐ...’ ಎಂದು ನಿಲ್ಲಿಸಿ, ಹುಬ್ಬೇರಿಸಿ, ಕಾಯಿರಿ. ಇದು ಪಾಠದ ವಾಕ್ಯರಚನೆಯನ್ನೇ ಅಭ್ಯಾಸ ಮಾಡುತ್ತಿರುವಾಗ. ಮಗು ಏನನ್ನೋ ಮನಸಾರೆ ಹೇಳುತ್ತಿರುವಾಗ ಮಾತ್ರ ತಡೆಯಲೇಬೇಡಿ. ತಪ್ಪನ್ನು ಬರೆದಿಟ್ಟುಕೊಂಡು ಕೊನೆಗೆ ಬೋರ್ಡಿಗೆ ತನ್ನಿ.

ಸರಾಗತೆಗೆ 3–2–1 ಮಾಡಿಸಿ. ಒಂದೇ ವಿಷಯವನ್ನು ಒಬ್ಬ ಗೆಳೆಯನಿಗೆ 3 ನಿಮಿಷದಲ್ಲಿ, ಬೇರೊಬ್ಬನಿಗೆ 2 ನಿಮಿಷದಲ್ಲಿ, ಇನ್ನೊಬ್ಬನಿಗೆ 1 ನಿಮಿಷದಲ್ಲಿ ಹೇಳುವುದು. ಮೂರನೇ ಸಲ ತಡವರಿಕೆ ಕಡಿಮೆಯಾಗುವುದು ಮಗುವಿಗೇ ಗೊತ್ತಾಗುತ್ತದೆ.

8. ಓದು

ಸಾಲಾಗಿ ಒಬ್ಬೊಬ್ಬರನ್ನೇ ಎಬ್ಬಿಸಿ ಗಟ್ಟಿಯಾಗಿ ಓದಿಸುವುದರಲ್ಲಿ ಓದುವವರಿಗೆ ಅರ್ಥದ ಕಡೆ ಗಮನವಿಲ್ಲ, ಉಳಿದವರಿಗೆ ತಮ್ಮ ಸರದಿಯ ಚಿಂತೆ. ಅದರ ಬದಲು ಓದುವ ಮುಂಚೆಯೇ ಎರಡು ಪ್ರಶ್ನೆ ಕೊಟ್ಟು ಮೌನವಾಗಿ ಓದಿಸಿ. ಮೊದಲ ಓದಿಗೆ ಒಟ್ಟು ಅರ್ಥ, ಎರಡನೆಯದಕ್ಕೆ ವಿವರ.

ಪಠ್ಯದಾಚೆಗಿನ ಓದು ಇದಕ್ಕಿಂತ ದೊಡ್ಡ ಆಸ್ತಿ. ಫಿಜಿ ದೇಶದ ಹಳ್ಳಿಶಾಲೆಗಳಲ್ಲಿ ಇಂಗ್ಲಿಷ್ ಕಥೆಪುಸ್ತಕಗಳನ್ನು ರಾಶಿರಾಶಿಯಾಗಿ ತರಗತಿಗೆ ಒದಗಿಸಿದ ಪ್ರಯೋಗದ ಫಲಿತಾಂಶವನ್ನು ಎಲಿ ಮತ್ತು ಮಂಗುಭಾಯ್ 1983ರಲ್ಲಿ ಪ್ರಕಟಿಸಿದರು. ಪುಸ್ತಕ ಸಿಕ್ಕ ಮಕ್ಕಳು ಎಂದಿನ ಪಾಠ ಕೇಳಿದವರಿಗಿಂತ ಸ್ಪಷ್ಟವಾಗಿ ಮುಂದೆ ಹೋದರು. ಪ್ರಾಥಮಿಕ ಶಾಲೆಯ ಪ್ರಯೋಗವಾದರೂ ಪಾಠ ನಮಗೂ ಅನ್ವಯಿಸುತ್ತದೆ. ಪುಸ್ತಕದ ಆಯ್ಕೆಗೆ ಅಳತೆ: 100 ಪದಕ್ಕೆ ಗೊತ್ತಿಲ್ಲದ್ದು 2ಕ್ಕಿಂತ ಹೆಚ್ಚಿರಬಾರದು. ಅಂದರೆ ನೀವು ಅಂದುಕೊಂಡಿದ್ದಕ್ಕಿಂತ ಸುಲಭದ ಪುಸ್ತಕ. ವಾರಕ್ಕೆ ಎರಡು ಸಲ ಹದಿನೈದು ನಿಮಿಷ ಕೊಡಿ, ನೀವೂ ಕೂತು ಓದಿ, ಓದಿದ್ದರ ಮೇಲೆ ಪರೀಕ್ಷೆ ಇಡಬೇಡಿ. ಹಿಡಿಸದ ಪುಸ್ತಕವನ್ನು ಅರ್ಧಕ್ಕೇ ಬಿಡುವ ಹಕ್ಕು ಮಕ್ಕಳಿಗಿರಲಿ.

9. ಬರಹ

ಗೈಡಿನಿಂದ ನಕಲು ಮಾಡಿದ ಪ್ರಬಂಧಕ್ಕಿಂತ ಸ್ವಂತದ ಐದು ಸಾಲು ಮೇಲು. ಒಂದು ಬರಹಕ್ಕೆ ಎರಡು ಕರಡು: ಮೊದಲನೆಯದಕ್ಕೆ ವಿಷಯದ ಬಗ್ಗೆ ಮಾತ್ರ ಒಂದು ಪ್ರಶ್ನೆ ಬರೆಯಿರಿ, ‘ಆಮೇಲೆ ಏನಾಯ್ತು?’ ಅಂತ. ಎರಡನೆಯದರಲ್ಲಿ ಆ ತಿಂಗಳ ಎರಡು ಬಗೆಯ ತಪ್ಪನ್ನಷ್ಟೇ ಗುರುತಿಸಿ, ಅಂಚಿನಲ್ಲಿ ಸಂಕೇತ ಹಾಕಿ. ತಿದ್ದುವುದು ಮಗುವಿನ ಕೆಲಸ. ಪುಟದ ತುಂಬ ಕೆಂಪು ಗೀಟು ಕಂಡ ಮಗು ಮುಂದಿನ ಸಲ ಚಿಕ್ಕದಾಗಿ, ಅಪಾಯವಿಲ್ಲದಂತೆ ಬರೆಯುತ್ತದೆ. 40 ಪುಸ್ತಕವನ್ನು ಪ್ರತಿ ವಾರ ತಿದ್ದಲಾಗುವುದಿಲ್ಲ. ವಾರಕ್ಕೆ ಹತ್ತರಂತೆ ಸರದಿಯಲ್ಲಿ ನೋಡಿ, ಉಳಿದವರು ಪರಸ್ಪರ ಓದಿಕೊಳ್ಳಲಿ.

10. ಪರೀಕ್ಷೆ

ಮಾತಿಗೆ ಅಂಕವಿಲ್ಲದಿದ್ದರೆ ಮಾತಿಗೆ ಬೆಲೆಯಿಲ್ಲವೆಂದು ಮಕ್ಕಳು ತಿಳಿಯುತ್ತಾರೆ. ಇಬ್ಬಿಬ್ಬರನ್ನು ಕರೆದು ಒಂದು ಚಿತ್ರವೋ ಸಮಸ್ಯೆಯೋ ಕೊಟ್ಟು ಮೂರು ನಿಮಿಷ ಮಾತಾಡಿಸಿ. ಉಳಿದವರು ಆ ಹೊತ್ತು ಓದುತ್ತಿರಲಿ. 40 ಮಕ್ಕಳಿಗೆ 60 ನಿಮಿಷ, ಎರಡು ಪೀರಿಯಡ್ಡಿನಲ್ಲಿ ಮುಗಿಯುತ್ತದೆ. ಅರ್ಥವಾಗುವಂತೆ ಹೇಳಿದರಾ, ಜೊತೆಯವರ ಮಾತಿಗೆ ಸ್ಪಂದಿಸಿದರಾ, ಪದಗಳು ಸಾಕಾದವಾ, ವಾಕ್ಯ ಸರಿಯಿತ್ತಾ ಎಂಬ ನಾಲ್ಕಕ್ಕೆ ತಲಾ 5 ಅಂಕ, ಮೊದಲೇ ಗೋಡೆಗೆ ಅಂಟಿಸಿಟ್ಟಿರಿ. ಓದಿನ ಪ್ರಶ್ನೆಗೆ ಪಾಠದ ಪ್ಯಾರಾ ಬೇಡ, ಅದೇ ಮಟ್ಟದ ಹೊಸ ಪ್ಯಾರಾ ಕೊಡಿ. ಓದಲು ಬಂದಿದೆಯೋ ಬಾಯಿಪಾಠವಾಗಿದೆಯೋ ಅಲ್ಲಿ ತಿಳಿಯುತ್ತದೆ.

ಉತ್ತರಪತ್ರಿಕೆ ಹಂಚುವ ಮುಂಚೆ, ಹೆಚ್ಚು ಮಕ್ಕಳು ಎಡವಿದ ಮೂರು ಜಾಗಗಳನ್ನು ಪಟ್ಟಿ ಮಾಡಿ. ಮೊದಲ ವಾರದ ಪದಗಳ ಪಟ್ಟಿ ಮತ್ತು ಹತ್ತು ಸಾಲಿನ ಬರಹವನ್ನೂ ಮತ್ತೊಮ್ಮೆ ಮಾಡಿಸಿ, ಹಳೆಯದರ ಪಕ್ಕಕ್ಕಿಟ್ಟು ಮಕ್ಕಳಿಗೇ ತೋರಿಸಿ. ಮುಂದಿನ ತಿಂಗಳ ಪಾಠಯೋಜನೆಯನ್ನು ಪಠ್ಯಪುಸ್ತಕದ ಮುಂದಿನ ಪುಟದಿಂದ ಅಲ್ಲ, ಆ ಮೂರು ಜಾಗಗಳಿಂದ ಶುರು ಮಾಡಿ.